ಸ್ತನ ಕ್ಯಾನ್ಸರ್ ತಪಾಸಣೆ ಮತ್ತು ಸಂಶಯದ ಮ್ಯಾಮೊಗ್ರಾಮ್: ಕಲಬುರಗಿ, ಬೀದರ್, ಯಾದಗಿರಿಯ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಸ್ತನದ ಎಕ್ಸ್-ರೇ (ಇದನ್ನೇ ಮ್ಯಾಮೊಗ್ರಾಮ್ ಎನ್ನುತ್ತಾರೆ) ಮತ್ತು ಸೋನೋಗ್ರಾಫಿ ಚಿತ್ರಗಳನ್ನು ಓದುವುದು ನನ್ನ ಕೆಲಸ. ಆಳಂದ, ಜೇವರ್ಗಿ, ಚಿಂಚೋಳಿಯಿಂದ, ಆಚೆ ಭಾಲ್ಕಿ, ಔರಾದ್‌ನಿಂದ, ಈಚೆ ಶಹಾಪುರ, ಸುರಪುರದಿಂದ ಬರುವ ಹೆಣ್ಣುಮಕ್ಕಳು ಮತ್ತು ಅವರ ಮನೆಯವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ವರದಿಯಲ್ಲಿ ‘ಸಂಶಯ’ ಎಂಬ ಮಾತು ಕಂಡೊಡನೆ ಎಲ್ಲ ಮುಗಿದೇ ಹೋಯಿತೆಂದು ಅಳುತ್ತಾ ಕೂರುವವರನ್ನು ನೋಡಿದ್ದೇನೆ. ಅದೇ ವರದಿಯನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟು, ತೊಗರಿ ರಾಶಿ ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ಒಂದು ವರ್ಷ ಕಳೆದು ಬಂದವರನ್ನೂ ನೋಡಿದ್ದೇನೆ. ಈ ಪುಟವನ್ನು ಬರೆದಿರುವುದು ಇಬ್ಬರಿಗಾಗಿಯೂ.

ನನಗೆ ಗಡ್ಡಿಯೂ (ಗಂಟೂ) ಇಲ್ಲ, ಬ್ಯಾನಿಯೂ (ನೋವೂ) ಇಲ್ಲ. ಆದರೂ ಪರೀಕ್ಷೆ ಏಕೆ?

ತಪಾಸಣೆ ಎಂಬುದು ಯಾವ ತೊಂದರೆಯೂ ಇಲ್ಲದವರಿಗಾಗಿಯೇ ಇರುವ ಪರೀಕ್ಷೆ. ಸ್ತನದೊಳಗೆ ಹುಟ್ಟಿದ ಕ್ಯಾನ್ಸರ್ ಕೈಗೆ ಸಿಗುವಷ್ಟು ದೊಡ್ಡದಾಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಆ ಅವಧಿಯಲ್ಲಿ ಅದನ್ನು ಹಿಡಿದರೆ ಶಸ್ತ್ರಚಿಕಿತ್ಸೆ ಚಿಕ್ಕದಾಗುತ್ತದೆ, ಔಷಧದ ಹೊರೆ ಇಳಿಯುತ್ತದೆ, ಗುಣವಾಗುವ ಸಾಧ್ಯತೆ ಹೆಚ್ಚುತ್ತದೆ. ಇಂದು ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1,92,000 ಹೆಂಗಸರಲ್ಲಿ ಇದು ಹೊಸದಾಗಿ ಪತ್ತೆಯಾಯಿತು, ಸುಮಾರು 98,000 ಹೆಂಗಸರು ಇದರಿಂದ ತೀರಿಕೊಂಡರು. ಸಾವಿನ ಸಂಖ್ಯೆ ಹೊಸ ರೋಗಿಗಳ ಸಂಖ್ಯೆಯ ಅರ್ಧದಷ್ಟಿರುವುದಕ್ಕೆ ದೊಡ್ಡ ಕಾರಣ, ರೋಗ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುವುದು.

ಯಾವ ವಯಸ್ಸಿನಲ್ಲಿ ಯಾವ ಪರೀಕ್ಷೆ ಮಾಡಿಸಬೇಕು?

ನಮ್ಮ ದೇಶದ ಸರಕಾರಿ ಕಾರ್ಯಕ್ರಮದಲ್ಲಿ 30 ದಾಟಿದ ಪ್ರತಿಯೊಬ್ಬ ಮಹಿಳೆಗೂ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಕೈಯಿಂದ ಸ್ತನ ಪರೀಕ್ಷೆ ಮಾಡಬೇಕೆಂದು ಇದೆ. 2016ರ ಮಾರ್ಗಸೂಚಿ ಇದನ್ನು ಐದು ವರ್ಷಕ್ಕೊಮ್ಮೆ ಎಂದು ಹೇಳುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಉಪಕೇಂದ್ರ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಈ ಪರೀಕ್ಷೆ ಯಾವ ದಿನ ನಡೆಯುತ್ತದೆ ಎಂದು ತಿಳಿಸುತ್ತಾರೆ. ಬರೀ ಕೈಯಿಂದ ಮುಟ್ಟಿ ನೋಡಿದರೆ ಏನು ತಿಳಿದೀತು ಎಂದು ಅಲಕ್ಷ್ಯ ಮಾಡಬೇಡಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ 35ರಿಂದ 64 ವರ್ಷದ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಇಂಥದೇ ಕೈ ಪರೀಕ್ಷೆ ಮಾಡಿ ಇಪ್ಪತ್ತು ವರ್ಷ ಗಮನಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಮ್ಯಾಮೊಗ್ರಾಮ್ ವಿಷಯಕ್ಕೆ ಬಂದರೆ, ಊರಿನ ಎಲ್ಲ ಹೆಂಗಸರನ್ನೂ ಕರೆದು ಮಾಡುವ ರಾಷ್ಟ್ರೀಯ ಕಾರ್ಯಕ್ರಮ ನಮ್ಮಲ್ಲಿಲ್ಲ. ಅಮೆರಿಕದ ತಪಾಸಣಾ ಕಾರ್ಯಪಡೆ 2024ರಲ್ಲಿ 40ರಿಂದ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಂದು ಶಿಫಾರಸು ಮಾಡಿತು. ಭಾರತದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ, ಆದರೆ ಚಿಕ್ಕ ವಯಸ್ಸಿನ ಸ್ತನದಲ್ಲಿ ಮ್ಯಾಮೊಗ್ರಾಮ್ ಚೆನ್ನಾಗಿ ಓದಲು ಬರುವುದಿಲ್ಲ. ಹೀಗಾಗಿ ನನ್ನ ಸಲಹೆ ಇಷ್ಟು: 30ರ ನಂತರ ಕೈ ಪರೀಕ್ಷೆ ತಪ್ಪಿಸಬೇಡಿ; 40 ದಾಟಿದ ಮೇಲೆ ವೈದ್ಯರೊಂದಿಗೆ ಮಾತಾಡಿ ಮ್ಯಾಮೊಗ್ರಾಮ್ ನಿರ್ಧರಿಸಿ; 50 ದಾಟಿದ ಮೇಲೆ ಅನುಕೂಲವಿದ್ದವರು ಎರಡು ವರ್ಷಕ್ಕೊಮ್ಮೆ ಖಂಡಿತ ಮಾಡಿಸಿ.

ತಿಂಗಳಿಗೊಮ್ಮೆ ನಾನೇ ಮುಟ್ಟಿ ನೋಡಿಕೊಂಡರೆ ಸಾಲದೇ?

ಚೀನಾದ ಶಾಂಘೈ ನಗರದಲ್ಲಿ ಸುಮಾರು 2,66,000 ಗಿರಣಿ ಕಾರ್ಮಿಕ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದರು. ಅವರಲ್ಲಿ ಒಂದು ಗುಂಪಿಗೆ ಸ್ವಂತ ಪರೀಕ್ಷೆಯನ್ನು ಶ್ರದ್ಧೆಯಿಂದ ಕಲಿಸಿದ್ದರೂ ಆ ಗುಂಪಿನಲ್ಲಿ ಸಾವು ಇಳಿಯಲಿಲ್ಲವೆಂದು 2002ರಲ್ಲಿ ತಿಳಿದುಬಂತು. ಆದ್ದರಿಂದ ಅದನ್ನು ವ್ರತದಂತೆ ಹಿಡಿಯಬೇಕಾಗಿಲ್ಲ. ಸ್ನಾನ ಮಾಡುವಾಗ ನಿಮ್ಮ ಸ್ತನ ಸಹಜವಾಗಿ ಹೇಗಿದೆ ಎಂಬುದರ ಪರಿಚಯವಿದ್ದು, ಬದಲಾವಣೆ ಕಂಡ ದಿನವೇ ಅದನ್ನು ಯಾರಿಗಾದರೂ ಹೇಳುವುದು ಮುಖ್ಯ.

‘ಗಡ್ಡಿ ಅದರಿ, ಖರೆ ಬ್ಯಾನಿ ಏನೂ ಇಲ್ರಿ.’ ಹಾಗಾದರೆ ಅದು ಕ್ಯಾನ್ಸರ್ ಅಲ್ಲ ಅಲ್ಲವೇ?

ಈ ಮಾತು ನಮ್ಮ ಭಾಗದಲ್ಲಿ ಎಷ್ಟು ಜೀವ ತೆಗೆದುಕೊಂಡಿದೆಯೋ ಹೇಳಲಾರೆ. ಹೊಲದಲ್ಲಿ ಮುಳ್ಳು ಚುಚ್ಚಿದರೆ ನೋಯುತ್ತದೆ, ಹಲ್ಲು ಹುಳುಕಾದರೆ ನೋಯುತ್ತದೆ. ನೋಯದಿರುವುದು ರೋಗವಲ್ಲ ಎಂಬ ಲೆಕ್ಕ ಹಾಗೆ ಮನಸ್ಸಿನಲ್ಲಿ ಕೂತಿರುತ್ತದೆ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ. ಗಂಟು ಇಲ್ಲದೆ ಬರೀ ನೋವಿರುವುದಕ್ಕೆ ಹೆಚ್ಚಿನ ಸಲ ಮುಟ್ಟಿನ ಚಕ್ರದ ಏರುಪೇರೇ ಕಾರಣ.

ಗಂಟು ಕೈಗೆ ಸಿಕ್ಕಿತೆಂದರೆ, ಮೊಲೆತೊಟ್ಟಿನಿಂದ ತಾನಾಗಿಯೇ ರಕ್ತ ಅಥವಾ ನೀರಿನಂಥ ದ್ರವ ಬಂದರೆ, ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪವಾಗಿ ಕುಳಿ ಬಿದ್ದರೆ, ಕಂಕುಳಲ್ಲಿ ಗಂಟು ಕಂಡರೆ, ನಿಮಗೆ ಬೇಕಾಗಿರುವುದು ತಪಾಸಣೆಯಲ್ಲ, ರೋಗ ಪತ್ತೆಯ ಪೂರ್ಣ ಪರೀಕ್ಷೆ. ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಮುಂದಿನ ಶಿಬಿರ ಬರಲಿ ಎಂದು ಕಾಯಲೂ ಬಾರದು. ವೈದ್ಯರು ಕೈಯಿಂದ ನೋಡುವುದು, ಚಿತ್ರ ತೆಗೆಸುವುದು, ಸೂಜಿಯಿಂದ ತುಣುಕು ತೆಗೆದು ನೋಡುವುದು ಈ ಮೂರೂ ಸೇರಿದರೆ ಮಾತ್ರ ಆ ಪರೀಕ್ಷೆ ಪೂರ್ಣವಾಗುತ್ತದೆ. 30ಕ್ಕಿಂತ ಚಿಕ್ಕವರಿಗೆ ಸಾಮಾನ್ಯವಾಗಿ ಮೊದಲು ಸೋನೋಗ್ರಾಫಿ ಮಾಡುತ್ತಾರೆ. ಆ ವಯಸ್ಸಿನ ಗಂಟುಗಳಲ್ಲಿ ಹೆಚ್ಚಿನವು ಫೈಬ್ರೊಅಡಿನೋಮ ಎಂಬ ನಿರುಪದ್ರವಿ ಗಂಟುಗಳು.

ಹಾಲುಣಿಸುವ ಬಾಣಂತಿಗೆ ಗಂಟಾದರೆ ಅದು ಹಾಲು ಕಟ್ಟಿದ್ದೇ ಅಲ್ಲವೇ?

ಹೆಚ್ಚಿನ ಸಲ ಹೌದು. ಆದರೆ ಔಷಧ ಕೊಟ್ಟು ಒಂದೆರಡು ವಾರವಾದರೂ ಬಾವು, ಕೆಂಪು ಇಳಿಯದಿದ್ದರೆ ಸೋನೋಗ್ರಾಫಿ ಮಾಡಿಸಲೇಬೇಕು, ಏಕೆಂದರೆ ಒಂದು ಬಗೆಯ ಕ್ಯಾನ್ಸರ್ ಕೀವಿನ ಬಾವಿನಂತೆಯೇ ಕಾಣುತ್ತದೆ. ಸೋನೋಗ್ರಾಫಿ, ಮ್ಯಾಮೊಗ್ರಾಮ್, ಸೂಜಿ ಪರೀಕ್ಷೆ ಮೂರನ್ನೂ ಹಾಲುಣಿಸುವಾಗ ಮಾಡಬಹುದು. ಇವುಗಳಿಂದ ಹಾಲು ಕೆಡುವುದಿಲ್ಲ.

ಮ್ಯಾಮೊಗ್ರಾಮ್ ಹೇಗೆ ಮಾಡುತ್ತಾರೆ? ನೋವಾಗುತ್ತದೆಯೇ? ಕಿರಣದಿಂದಲೇ ಕ್ಯಾನ್ಸರ್ ಬರುವುದಿಲ್ಲವೇ?

ಯಂತ್ರದ ಮುಂದೆ ನಿಲ್ಲಿಸಿ, ಸ್ತನವನ್ನು ಎರಡು ಫಲಕಗಳ ನಡುವೆ ಕೆಲವು ಕ್ಷಣ ಒತ್ತಿ ಹಿಡಿದು ಎಕ್ಸ್-ರೇ ತೆಗೆಯುತ್ತಾರೆ. ಪ್ರತಿ ಸ್ತನಕ್ಕೆ ಮೇಲಿನಿಂದ ಒಂದು, ಓರೆಯಾಗಿ ಒಂದು, ಹೀಗೆ ಒಟ್ಟು ನಾಲ್ಕು ಚಿತ್ರಗಳು. ಒತ್ತುವಾಗ ಬಿಗಿಯಾಗುತ್ತದೆ, ಕೆಲವರಿಗೆ ನೋಯುತ್ತದೆ. ಒತ್ತದಿದ್ದರೆ ಒಳಗಿನ ಪದರುಗಳು ಒಂದರ ಮೇಲೊಂದು ಬಿದ್ದು ಚಿತ್ರ ಮಸುಕಾಗುತ್ತದೆ, ಕಿರಣವೂ ಹೆಚ್ಚು ಬೇಕಾಗುತ್ತದೆ. ನಾಲ್ಕು ಚಿತ್ರಗಳಿಂದ ದೇಹಕ್ಕೆ ತಗಲುವ ಕಿರಣದ ಪ್ರಮಾಣ ಸುಮಾರು 0.4 ಮಿಲಿಸೀವರ್ಟ್, ಮಣ್ಣು, ಕಲ್ಲು, ಆಕಾಶದಿಂದ ನಮಗೆಲ್ಲ ಸುಮಾರು ಎರಡು ತಿಂಗಳಲ್ಲಿ ಸಹಜವಾಗಿ ತಗಲುವಷ್ಟು.

ಮುಟ್ಟು ನಿಂತಿರದಿದ್ದರೆ, ಮುಟ್ಟು ಮುಗಿದ ಮೊದಲ ವಾರದಲ್ಲಿ ಹೋದರೆ ನೋವು ಕಡಿಮೆ. ಆ ದಿನ ಎದೆಗೂ ಕಂಕುಳಿಗೂ ಪೌಡರ್, ಸೆಂಟು ಹಚ್ಚಬೇಡಿ. ಮೇ ತಿಂಗಳ ನಮ್ಮ ಕಲಬುರಗಿಯ ಬಿಸಿಲಿನಲ್ಲಿ ಪೌಡರ್ ಹಚ್ಚದೆ ಹೊರಡುವುದು ಕಷ್ಟವೆಂದು ಬಲ್ಲೆ, ಆದರೆ ಅದರ ಕಣಗಳು ಚಿತ್ರದಲ್ಲಿ ಕ್ಯಾಲ್ಸಿಯಂ ಚುಕ್ಕೆಗಳಂತೆಯೇ ಕಂಡು ಸುಮ್ಮನೆ ಸಂಶಯ ಹುಟ್ಟಿಸುತ್ತವೆ. ಸೀರೆ ಅಥವಾ ಎರಡು ಭಾಗದ ಉಡುಪಿದ್ದರೆ ಮೇಲಿನ ಭಾಗವನ್ನಷ್ಟೇ ತೆಗೆದರೆ ಸಾಕು. ಮಹಿಳಾ ತಂತ್ರಜ್ಞೆ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಅದನ್ನು ಕೇಳಲು ಸಂಕೋಚ ಬೇಡ.

ಮ್ಯಾಮೊಗ್ರಾಮ್ ಮಾಡಿಸಿ ಬಂದ ಮೇಲೆ ‘ಮತ್ತೆ ಬನ್ನಿ’ ಎಂದು ಕರೆದಿದ್ದಾರೆ. ಕ್ಯಾನ್ಸರ್ ಎಂದೇ ಅರ್ಥವೇ?

ಅಲ್ಲ. ಅಮೆರಿಕದ ಲೆಕ್ಕ ನೋಡಿ: ಯಾವ ತೊಂದರೆಯೂ ಇಲ್ಲದೆ ತಪಾಸಣೆಗೆ ಬಂದ 1,000 ಹೆಂಗಸರಲ್ಲಿ ಸುಮಾರು 100 ಜನರನ್ನು ಹೆಚ್ಚಿನ ಚಿತ್ರಗಳಿಗಾಗಿ ಮತ್ತೆ ಕರೆಯುತ್ತಾರೆ; ಸುಮಾರು 20 ಜನರಿಗೆ ಬಯಾಪ್ಸಿ (ತುಣುಕು ತೆಗೆದು ನೋಡುವ ಪರೀಕ್ಷೆ) ಹೇಳುತ್ತಾರೆ; ಕೊನೆಗೆ ಕ್ಯಾನ್ಸರ್ ಎಂದು ತಿಳಿಯುವುದು ಸುಮಾರು 5 ಜನರಲ್ಲಿ. ಸ್ತನದ ಪದರುಗಳು ಮಡಚಿ ಗಂಟಿನಂತೆ ಕಂಡಿರಬಹುದು, ನೀರಿನ ಗುಳ್ಳೆ ಇದ್ದಿರಬಹುದು, ಹೋಲಿಸಲು ಹಳೆಯ ಚಿತ್ರ ಇಲ್ಲದೆ ಇರಬಹುದು.

ಆದರೆ ಈ ಲೆಕ್ಕವನ್ನು ನಮ್ಮ ಹೊರರೋಗಿ ವಿಭಾಗಕ್ಕೆ ಹಾಗೆಯೇ ತಂದು ಹೊಂದಿಸಬಾರದು. ಇಲ್ಲಿ ಮ್ಯಾಮೊಗ್ರಾಮ್‌ಗೆ ಬರುವವರಲ್ಲಿ ಬಹಳಷ್ಟು ಜನರ ಕೈಗೆ ಆಗಲೇ ಗಂಟು ಸಿಕ್ಕಿರುತ್ತದೆ. ಅಂಥವರಲ್ಲಿ ಸಂಶಯ ನಿಜವಾಗುವ ಪ್ರಮಾಣ ಹೆಚ್ಚು. ಹಾಗಾಗಿ ‘ಹತ್ತರಲ್ಲಿ ಒಂಬತ್ತು ಸಲ ಏನೂ ಇರುವುದಿಲ್ಲವಂತೆ’ ಎಂದು ಯಾರೋ ಧೈರ್ಯ ಹೇಳಿದರೆಂದು ಮನೆಯಲ್ಲಿ ಕೂರಬೇಡಿ. ಕರೆದ ದಿನ ಹೋಗಿ, ಹೆಚ್ಚಿನ ಚಿತ್ರ ಮತ್ತು ಸೋನೋಗ್ರಾಫಿ ಮಾಡಿಸಿಕೊಂಡೇ ಬನ್ನಿ.

ವರದಿಯ ಕೊನೆಯಲ್ಲಿ ‘ಬೈರ್ಯಾಡ್ಸ್’ ಎಂದು ಬರೆದು ಒಂದು ಅಂಕಿ ಹಾಕಿದ್ದಾರೆ. ಅದೇನು? ಕ್ಯಾನ್ಸರಿನ ಹಂತವೇ?

ಹಂತ ಅಲ್ಲವೇ ಅಲ್ಲ. ‘ನಾಲ್ಕನೇ ಹಂತ ಅಂತ ಬರೆದಾರರಿ’ ಎಂದು ಗಂಡ, ಮಕ್ಕಳು ಅಳುತ್ತಾ ಬಂದು ನಿಂತದ್ದಿದೆ. ಕೈಯಲ್ಲಿದ್ದದ್ದು 4ಎ ಎಂಬ ವರದಿ, ತುಣುಕು ಪರೀಕ್ಷೆ ಮಾಡಿದಾಗ ಸಿಕ್ಕದ್ದು ನಿರುಪದ್ರವಿ ಗಂಟು. ಕ್ಯಾನ್ಸರಿನ ಹಂತವನ್ನು ನಿರ್ಧರಿಸುವುದು ಕ್ಯಾನ್ಸರ್ ಇದೆ ಎಂದು ಸಾಬೀತಾದ ಮೇಲೆ. ಬೈರ್ಯಾಡ್ಸ್ ಎಂಬುದು ಚಿತ್ರ ಓದಿದ ವೈದ್ಯರಿಗೆ ಎಷ್ಟು ಸಂಶಯ ಬಂದಿದೆ, ಮುಂದೆ ಏನು ಮಾಡಬೇಕು ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳಲು ಅಮೆರಿಕದ ರೇಡಿಯಾಲಜಿ ಕಾಲೇಜು ರೂಪಿಸಿದ ಪದ್ಧತಿ.

ಸೊನ್ನೆ ಇದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲ, ಹೆಚ್ಚಿನ ಚಿತ್ರ ಅಥವಾ ಹಳೆಯ ಫಿಲಂ ಬೇಕು ಎಂದರ್ಥ. ಸೊನ್ನೆ ಎಂದರೆ ಏನೂ ಇಲ್ಲ ಎಂದು ತಿಳಿದು ವಾಪಸ್ಸು ಹೋದವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. 1 ಮತ್ತು 2 ಇದ್ದರೆ ಚಿಂತೆಯಿಲ್ಲ, ಮುಂದಿನ ಮಾಮೂಲಿ ತಪಾಸಣೆಗೆ ಬಂದರೆ ಸಾಕು. 3 ಇದ್ದರೆ ಬಹುತೇಕ ನಿರುಪದ್ರವಿ; ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ 2 ಅಥವಾ ಅದಕ್ಕಿಂತ ಕಡಿಮೆ. 4 ಇದ್ದರೆ ತುಣುಕು ತೆಗೆದು ನೋಡಲೇಬೇಕಾದಷ್ಟು ಸಂಶಯ ಇದೆ. ಆದರೆ ಈ ಒಂದು ವರ್ಗದೊಳಗೇ ಸಾಧ್ಯತೆ ನೂರಕ್ಕೆ 2ರಿಂದ 95ರವರೆಗೆ ಹಬ್ಬಿರುವುದರಿಂದ ಅದನ್ನು ಮತ್ತೆ ಮೂರಾಗಿ ಒಡೆದಿದ್ದಾರೆ: 4ಎ ಎಂದರೆ ನೂರಕ್ಕೆ 10ರವರೆಗೆ, 4ಬಿ ಎಂದರೆ 10ರಿಂದ 50ರವರೆಗೆ, 4ಸಿ ಎಂದರೆ 50ಕ್ಕಿಂತ ಹೆಚ್ಚು. ವರದಿಯಲ್ಲಿ ಬರೀ 4 ಎಂದಿದ್ದರೆ ಈ ಮೂರರಲ್ಲಿ ಯಾವುದೆಂದು ಕೇಳಿ ತಿಳಿದುಕೊಳ್ಳಿ. 5 ಇದ್ದರೆ ಸಾಧ್ಯತೆ ನೂರಕ್ಕೆ 95 ಅಥವಾ ಹೆಚ್ಚು. 6 ಎಂಬುದು ಬಯಾಪ್ಸಿಯಲ್ಲಿ ಕ್ಯಾನ್ಸರ್ ಆಗಲೇ ಸಾಬೀತಾದವರಿಗೆ, ಚಿಕಿತ್ಸೆಯ ನಡುವೆ ತೆಗೆದ ಚಿತ್ರಕ್ಕೆ ಹಾಕುವ ಅಂಕಿ.

ನನಗೆ 3 ಬಂದಿದೆ, ಆರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ಅಷ್ಟರಲ್ಲಿ ಹೆಚ್ಚಾಗಿಬಿಟ್ಟರೆ?

ಈ ವರ್ಗದ ಗಂಟುಗಳು ಹೆಚ್ಚಿನವು ಏನೂ ಮಾಡದೆ ಇದ್ದ ಹಾಗೇ ಇರುತ್ತವೆ. ಅಪರೂಪಕ್ಕೊಂದು ಕ್ಯಾನ್ಸರ್ ಆಗಿದ್ದರೂ ಆರು ತಿಂಗಳಲ್ಲಿ ಆಗುವ ಬದಲಾವಣೆ ಚಿತ್ರದಲ್ಲಿ ಸಿಕ್ಕುತ್ತದೆ, ಚಿಕಿತ್ಸೆಗೂ ಸಮಯ ಉಳಿದಿರುತ್ತದೆ ಎಂಬ ಅನುಭವದ ಮೇಲೆ ಈ ಅವಧಿ ನಿಂತಿದೆ. ಆರನೇ ತಿಂಗಳು, ಹನ್ನೆರಡನೇ ತಿಂಗಳು, ಎರಡನೇ ವರ್ಷದ ಕೊನೆಗೆ ನೋಡಿದಾಗಲೂ ಬದಲಾವಣೆ ಇಲ್ಲದಿದ್ದರೆ ಅದನ್ನು ನಿರುಪದ್ರವಿ ಎಂದು ಬರೆದು ಮುಗಿಸುತ್ತಾರೆ.

ಈ ಲೆಕ್ಕವೆಲ್ಲ ನೀವು ಆರನೇ ತಿಂಗಳಿಗೆ ಮರಳಿ ಬಂದರೆ ಮಾತ್ರ ಸರಿ. ನಮ್ಮ ಜಿಲ್ಲೆಗಳಿಂದ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದೊಡನೆ ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗುತ್ತವೆ, ತಾಂಡಾಗಳು ಖಾಲಿಯಾಗುತ್ತವೆ. ಹಾಗೆ ಹೋಗುವವರಾದರೆ ವೈದ್ಯರಿಗೆ ಮೊದಲೇ ಹೇಳಿಬಿಡಿ. ಮರಳಿ ಬರುವ ಖಾತ್ರಿ ಇಲ್ಲದವರಿಗೆ, ಅಥವಾ ಆರು ತಿಂಗಳು ನಿದ್ದೆಯಿಲ್ಲದೆ ಒದ್ದಾಡುವೆ ಎನ್ನುವವರಿಗೆ, 3 ಇದ್ದರೂ ಸೂಜಿ ಪರೀಕ್ಷೆ ಮಾಡಿ ಮುಗಿಸುವುದು ಒಪ್ಪಿತವಾದ ಮಾರ್ಗ. ಮರಳಿ ಬರುವವರು ಹಬ್ಬದ ಲೆಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ: ಯುಗಾದಿಗೆ ನೋಡಿಸಿದರೆ ದಸರೆಗೆ, ದಸರೆಗೆ ನೋಡಿಸಿದರೆ ಯುಗಾದಿಗೆ.

‘ಸೂಕ್ಷ್ಮ ಕ್ಯಾಲ್ಸಿಯಂ ಕಣಗಳು’ ಎಂದು ಬರೆದಿದ್ದಾರೆ. ಕ್ಯಾಲ್ಸಿಯಂ ಗುಳಿಗೆ ಬಿಡಬೇಕೇ?

ಬಿಡಬೇಕಾಗಿಲ್ಲ. ಊಟದ ಸುಣ್ಣದ ಅಂಶಕ್ಕೂ ಗುಳಿಗೆಗೂ ಈ ಕಣಗಳಿಗೂ ಸಂಬಂಧವಿಲ್ಲ. ವಯಸ್ಸಾದಂತೆ ಸ್ತನದ ರಕ್ತನಾಳಗಳಲ್ಲಿ, ಹಳೆಯ ಗಂಟುಗಳಲ್ಲಿ ದಪ್ಪ ಕಣಗಳು ಸೇರುವುದು ಸಾಮಾನ್ಯ, ಅವು ನಿರುಪದ್ರವಿ. ಸಣ್ಣ ರವೆಯಂಥ, ಒಂದಕ್ಕೊಂದು ಹೋಲದ ಆಕಾರದ ಕಣಗಳು ಒಂದೇ ಕಡೆ ಗುಂಪಾಗಿದ್ದರೆ ಅಥವಾ ಹಾಲಿನ ನಾಳದ ಗುಂಟ ಸಾಲಾಗಿದ್ದರೆ ಸಂಶಯ ಬರುತ್ತದೆ, ಏಕೆಂದರೆ ನಾಳದೊಳಗೇ ಇರುವ ಅತಿ ಆರಂಭದ ಕ್ಯಾನ್ಸರ್ ಹೆಚ್ಚಾಗಿ ಹೀಗೆಯೇ ಕಾಣಿಸುತ್ತದೆ. ಇವು ಕೈಗೆ ಸಿಗುವುದಿಲ್ಲ, ಬಹಳ ಸಲ ಸೋನೋಗ್ರಾಫಿಯಲ್ಲೂ ಕಾಣುವುದಿಲ್ಲ. ‘ಸೋನೋಗ್ರಾಫಿ ಚೊಲೊ ಅದ, ಬಿಡ್ರಿ’ ಎಂದು ಯಾರಾದರೂ ಹೇಳಿದರೂ ಮ್ಯಾಮೊಗ್ರಾಮ್‌ನ ಸಂಶಯ ಹಾಗೆಯೇ ಉಳಿದಿರುತ್ತದೆ. ಇದಕ್ಕೆ ಮ್ಯಾಮೊಗ್ರಾಮ್ ಯಂತ್ರದ ಸಹಾಯದಿಂದಲೇ ಜಾಗ ಗುರುತಿಸಿ ತುಣುಕು ತೆಗೆಯುವ ಸ್ಟೀರಿಯೊಟ್ಯಾಕ್ಟಿಕ್ ಬಯಾಪ್ಸಿ ಬೇಕು. ಅದಿಲ್ಲದಿದ್ದರೆ ಶಸ್ತ್ರಚಿಕಿತ್ಸೆಗೆ ಮುಂಚೆ ತಂತಿ ಕೂರಿಸಿ ಆ ಜಾಗವನ್ನು ಗುರುತು ಮಾಡುತ್ತಾರೆ. ಈ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲವಾದ್ದರಿಂದ, ಮ್ಯಾಮೊಗ್ರಾಮ್ ಮಾಡಿದಲ್ಲಿಯೇ ಎಲ್ಲಿಗೆ ಹೋಗಬೇಕೆಂದು ಚೀಟಿ ಬರೆಸಿಕೊಳ್ಳಿ.

‘ಸ್ತನ ಸಾಂದ್ರವಾಗಿದೆ’ ಎಂದರೆ ರೋಗವೇ?

ರೋಗವಲ್ಲ. ಕೊಬ್ಬು ಕಡಿಮೆ, ಗ್ರಂಥಿ ಹೆಚ್ಚು ಎಂದಷ್ಟೇ ಅರ್ಥ. ಗ್ರಂಥಿಯೂ ಬೆಳ್ಳಗೆ, ಗಂಟೂ ಬೆಳ್ಳಗೆ ಕಾಣುವುದರಿಂದ ಅಂಥ ಸ್ತನದಲ್ಲಿ ಮ್ಯಾಮೊಗ್ರಾಮ್ ಕೆಲವನ್ನು ಬಿಟ್ಟುಬಿಡುತ್ತದೆ; ಜೊತೆಗೆ ಸೋನೋಗ್ರಾಫಿ ಮಾಡಿಸುವುದು ಒಳ್ಳೆಯದು. ಒಟ್ಟಾರೆಯಾಗಿಯೂ ಮ್ಯಾಮೊಗ್ರಾಮ್ ಎಂಟರಲ್ಲಿ ಸುಮಾರು ಒಂದು ಕ್ಯಾನ್ಸರನ್ನು ಕಾಣದೆ ಬಿಟ್ಟುಬಿಡುತ್ತದೆ. ಆದ್ದರಿಂದ ವರದಿ ಸರಿಯಿದ್ದರೂ ಗಂಟು ಕೈಗೆ ಸಿಗುತ್ತಿದ್ದರೆ ಪರೀಕ್ಷೆ ಮುಂದುವರಿಯಬೇಕು.

‘ಸೂಜಿ ಚುಚ್ಚಿದ್ರ ಹುಣ್ಣು ಮೈತುಂಬಾ ಹರಡ್ತದಂತ.’ ನಿಜವೇ?

ನಿಜವಲ್ಲ. ಈ ನಂಬಿಕೆಗೆ ಕಾರಣ ನನಗೆ ಅರ್ಥವಾಗುತ್ತದೆ. ನಮ್ಮ ಊರುಗಳಲ್ಲಿ ಸೂಜಿ ಪರೀಕ್ಷೆಯವರೆಗೆ ಬರುವ ಹೊತ್ತಿಗೆ ಎಷ್ಟೋ ಜನರ ರೋಗ ಆಗಲೇ ಕಂಕುಳು ದಾಟಿರುತ್ತದೆ. ಪರೀಕ್ಷೆಯ ನಂತರ ಕೆಲವೇ ತಿಂಗಳಲ್ಲಿ ಅವರು ಸೊರಗಿದ್ದನ್ನು ಕಂಡ ನೆರೆಯವರು ಸೂಜಿಯನ್ನೇ ದೂರುತ್ತಾರೆ. ಹರಡಿದ್ದು ಸೂಜಿಗಿಂತ ಮುಂಚೆ. ಜಗತ್ತಿನೆಲ್ಲೆಡೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ಸೂಜಿ ಬಯಾಪ್ಸಿಯಿಂದಲೇ ಶುರುವಾಗುತ್ತದೆ, ಅದರಿಂದ ಆಯುಷ್ಯ ಕಡಿಮೆಯಾಗುವುದಿಲ್ಲ.

ಸೂಜಿಯಲ್ಲಿ ಎರಡು ಬಗೆ. ತೆಳುವಾದ ಸೂಜಿಯಿಂದ ಕೆಲವು ಜೀವಕೋಶಗಳನ್ನಷ್ಟೇ ಹೀರಿ ಗಾಜಿನ ಪಟ್ಟಿಯ ಮೇಲೆ ಹರಡಿ ನೋಡುವುದು ಎಫ್‌ಎನ್‌ಎಸಿ. ಸ್ವಲ್ಪ ದಪ್ಪ ಸೂಜಿಯಿಂದ ಶಾವಿಗೆ ಎಳೆಯಂಥ ತುಣುಕುಗಳನ್ನು ತೆಗೆಯುವುದು ಕೋರ್ ಬಯಾಪ್ಸಿ. ಸಾಧ್ಯವಿದ್ದಲ್ಲೆಲ್ಲ ಎರಡನೆಯದನ್ನೇ ಕೇಳಿ. ಎಫ್‌ಎನ್‌ಎಸಿ ಅಗ್ಗ, ಬೇಗ. ಆದರೆ ಕ್ಯಾನ್ಸರ್ ನಾಳದೊಳಗೇ ಇದೆಯೋ ಹೊರಗೆ ನುಗ್ಗಿದೆಯೋ ಎಂಬುದನ್ನು ಅದು ಹೇಳಲಾರದು, ಮತ್ತು ಚಿಕಿತ್ಸೆಯನ್ನು ನಿರ್ಧರಿಸುವ ಇಆರ್, ಪಿಆರ್, ಹರ್-2 ಪರೀಕ್ಷೆಗಳಿಗೆ ತುಣುಕೇ ಬೇಕು. ಮೊದಲೇ ಕೋರ್ ಮಾಡಿಸಿದರೆ ಎರಡನೇ ಸಲ ಚುಚ್ಚಿಸಿಕೊಂಡು, ಎರಡನೇ ಸಲ ಬಸ್ಸು ಹತ್ತುವುದು ತಪ್ಪುತ್ತದೆ.

ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೋನೋಗ್ರಾಫಿಯಲ್ಲಿ ನೋಡುತ್ತಾ ಕೆಲವು ತುಣುಕು ತೆಗೆಯುತ್ತಾರೆ. ‘ಟಕ್’ ಎಂದು ಸದ್ದಾಗುತ್ತದೆ, ಬೆಚ್ಚಬೇಡಿ. ಹೊಲಿಗೆ ಬೇಕಾಗುವುದಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಒಂದೆರಡು ದಿನ ಆ ಜಾಗ ನೀಲಿಗಟ್ಟುವುದು ಸಹಜ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂದಿದೆ. ಇನ್ನು ನಿಶ್ಚಿಂತೆಯೇ?

ಇದಕ್ಕೆ ‘ಹೌದು’ ಎನ್ನುವ ಮುನ್ನ ಒಂದು ಕೆಲಸ ಬಾಕಿ ಇದೆ, ಅದನ್ನೇ ಬಹಳ ಕಡೆ ಮರೆಯುತ್ತಾರೆ. ಚಿತ್ರದಲ್ಲಿ ಕಂಡದ್ದಕ್ಕೂ ತುಣುಕಿನಲ್ಲಿ ಸಿಕ್ಕದ್ದಕ್ಕೂ ತಾಳೆಯಾಗಬೇಕು. ಚಿತ್ರದಲ್ಲಿ ನುಣುಪಾದ ಗುಂಡನೆಯ ಗಂಟಿದ್ದು, ತುಣುಕು ಫೈಬ್ರೊಅಡಿನೋಮ ಎಂದರೆ ತಾಳೆಯಾಯಿತು. ಚಿತ್ರದಲ್ಲಿ ಮುಳ್ಳುಮುಳ್ಳಾದ ಅಂಚಿನ, ಐದನೇ ವರ್ಗದ ಗಂಟಿದ್ದು, ತುಣುಕಿನಲ್ಲಿ ‘ಸಹಜ ಸ್ತನ ಅಂಗಾಂಶ’ ಎಂದು ಬಂದರೆ ಸೂಜಿ ಗುರಿ ತಪ್ಪಿದೆ ಎಂದೇ ತಿಳಿದು ಮತ್ತೊಮ್ಮೆ ತೆಗೆಯಬೇಕು. ಹಾಗಾಗಿ ಪೆಥಾಲಜಿ ವರದಿಯನ್ನು ಚೀಲದಲ್ಲಿಟ್ಟುಕೊಂಡು ನೇರವಾಗಿ ಊರಿಗೆ ಹೋಗಬೇಡಿ; ಚಿತ್ರ ಓದಿದ ವೈದ್ಯರಿಗೂ ಬಯಾಪ್ಸಿ ಹೇಳಿದ ವೈದ್ಯರಿಗೂ ಅದನ್ನು ತೋರಿಸಿ, ‘ಎರಡೂ ಹೊಂದಿಕೆಯಾಗ್ತಾವೇನ್ರಿ?’ ಎಂದು ಬಾಯಿಬಿಟ್ಟು ಕೇಳಿ. ‘ಅಸಹಜ ಜೀವಕೋಶಗಳ ಹೆಚ್ಚಳ’ ಎಂದು ಬರೆದಿದ್ದರೂ ಕ್ಯಾನ್ಸರ್ ಅಲ್ಲವೆಂದು ಬಿಡುವಂತಿಲ್ಲ, ಸಾಮಾನ್ಯವಾಗಿ ಆ ಭಾಗವನ್ನು ತೆಗೆದು ಪೂರ್ತಿ ನೋಡಬೇಕಾಗುತ್ತದೆ. ಕ್ಷಯರೋಗವೂ ಸ್ತನದಲ್ಲಿ ಗಂಟು ಮಾಡಿ ಕ್ಯಾನ್ಸರಿನಂತೆ ಕಾಣಬಲ್ಲದು. ಅದು ಗೊತ್ತಾದರೆ ಔಷಧದಿಂದ ಗುಣವಾಗುತ್ತದೆ.

ಇಷ್ಟೆಲ್ಲ ಏಕೆ, ಗಡ್ಡಿಯನ್ನೇ ಕೊಯ್ದು ತೆಗೆಸಿಬಿಟ್ಟರೆ ಆಗದೇ?

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಸೂಜಿ ಪರೀಕ್ಷೆ ಮಾಡದೆ, ಏನೋ ಗಂಟು ಎಂದು ಚಿಕ್ಕ ಆಸ್ಪತ್ರೆಯಲ್ಲಿ ಕೊಯ್ದು ತೆಗೆದು, ತೆಗೆದದ್ದನ್ನು ಪರೀಕ್ಷೆಗೂ ಕಳಿಸದೆ ಎಸೆದು, ಆರು ತಿಂಗಳ ಮೇಲೆ ಗಾಯದ ಕೆಳಗೇ ಮತ್ತೆ ಗಂಟು ಬಂದು ನಮ್ಮಲ್ಲಿಗೆ ಬಂದ ಹೆಣ್ಣುಮಕ್ಕಳನ್ನು ಕಂಡಾಗ ಆಗುವ ಸಂಕಟ ಸಣ್ಣದಲ್ಲ. ಅದು ಕ್ಯಾನ್ಸರ್ ಆಗಿದ್ದರೆ, ಸುತ್ತಲಿನ ಒಳ್ಳೆಯ ಭಾಗದ ಅಂಚನ್ನು ಸೇರಿಸಿ ತೆಗೆಯಬೇಕಿತ್ತು, ಕಂಕುಳ ಗ್ರಂಥಿಗಳನ್ನು ನೋಡಬೇಕಿತ್ತು, ಕೆಲವರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಔಷಧ ಕೊಡಬೇಕಿತ್ತು. ಅರ್ಧಂಬರ್ಧ ಕೊಯ್ದ ಮೇಲೆ ಇವೆಲ್ಲ ಕಷ್ಟವಾಗುತ್ತವೆ, ಉಳಿಸಬಹುದಾಗಿದ್ದ ಸ್ತನವನ್ನೂ ತೆಗೆಯಬೇಕಾಗಬಹುದು. ಆಗಲೇ ತೆಗೆಸಿಯಾಗಿದ್ದರೆ, ಆ ಗಂಟು ಎಲ್ಲಿದೆ ಎಂದು ಕೇಳಿ, ಫಾರ್ಮಲಿನ್ ದ್ರವದಲ್ಲಿ ಇಡಿಸಿ, ಪೆಥಾಲಜಿಗೆ ಕಳಿಸಿ, ವರದಿ ಬರೆಸಿಕೊಳ್ಳಿ.

ಕ್ಯಾನ್ಸರ್ ಎಂದೇ ಬಂದರೆ ಇಡೀ ಸ್ತನ ತೆಗೆಯುತ್ತಾರೆಯೇ?

ಎಲ್ಲರಿಗೂ ಅಲ್ಲ. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯಲ್ಲಿ ಉಂಬೆರ್ಟೊ ವೆರೊನೇಸಿ ನಡೆಸಿದ ಅಧ್ಯಯನಗಳ ಇಪ್ಪತ್ತು ವರ್ಷಗಳ ಫಲಿತಾಂಶ 2002ರಲ್ಲಿ ಬಂದಾಗ, ಆರಂಭದ ಕ್ಯಾನ್ಸರಿನಲ್ಲಿ ಗಂಟನ್ನಷ್ಟೇ ಸರಿಯಾಗಿ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟವರೂ ಇಡೀ ಸ್ತನ ತೆಗೆಸಿಕೊಂಡವರಷ್ಟೇ ಬದುಕಿದ್ದು ಖಚಿತವಾಯಿತು. ಯಾರಿಗೆ ಯಾವುದು ಸರಿ ಎಂಬುದು ಗಂಟಿನ ಗಾತ್ರ, ಜಾಗ ಮತ್ತು ವಿಕಿರಣಕ್ಕೆ ವಾರಗಟ್ಟಲೆ ಬರಲು ಸಾಧ್ಯವೇ ಎಂಬುದರ ಮೇಲೆ ನಿಲ್ಲುತ್ತದೆ.

ಮ್ಯಾಮೊಗ್ರಾಮ್ ಬದಲು ರಕ್ತ ಪರೀಕ್ಷೆ, ಶಾಖದ ಚಿತ್ರ, ನಾಟಿ ಔಷಧ?

ಸ್ತನ ಕ್ಯಾನ್ಸರನ್ನು ಆರಂಭದಲ್ಲೇ ಹಿಡಿಯುವ ರಕ್ತ ಪರೀಕ್ಷೆ ಇಂದು ಬಳಕೆಯಲ್ಲಿಲ್ಲ. ಸಿಎ 15-3 ಎಂಬ ರಕ್ತ ಪರೀಕ್ಷೆ ಅದಕ್ಕಾಗಿ ಇರುವುದಲ್ಲ. ಚರ್ಮದ ಶಾಖವನ್ನು ತೋರಿಸುವ ಚಿತ್ರ (ಥರ್ಮೋಗ್ರಫಿ) ಮ್ಯಾಮೊಗ್ರಾಮ್‌ಗೆ ಬದಲಿಯಲ್ಲ. ಗಂಟಿನ ಮೇಲೆ ಲೇಪ ಹಚ್ಚಿ ಹುಣ್ಣು ಮಾಡಿಕೊಂಡು ಬರಬೇಡಿ.

ಅವ್ವನಿಗೆ ಇತ್ತು. ನನಗೂ ಬರುತ್ತದೆಯೇ?

ಬಂದೇ ಬರುತ್ತದೆ ಎಂದಲ್ಲ, ಆದರೆ ಸಾಧ್ಯತೆ ಹೆಚ್ಚು. ಅವ್ವ, ಅಕ್ಕ, ತಂಗಿಯರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ, ಅಥವಾ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದಿದ್ದರೆ, ಅಂಡಾಶಯದ ಕ್ಯಾನ್ಸರ್ ಇದ್ದರೆ, ಗಂಡಸರೊಬ್ಬರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ, ಬಿಆರ್‌ಸಿಎ ಎಂಬ ವಂಶವಾಹಿ ದೋಷದ ಪರೀಕ್ಷೆಯ ಬಗ್ಗೆ ವಿಚಾರಿಸಿ. ಆ ದೋಷವಿದ್ದವರಿಗೆ ತಪಾಸಣೆ 25ನೇ ವಯಸ್ಸಿನಿಂದಲೇ, ಎಂಆರ್‌ಐ ಸೇರಿಸಿ ನಡೆಯುತ್ತದೆ. ಅಪ್ಪನ ಕಡೆಯವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೋದರತ್ತೆಗೆ ಬಂದದ್ದೂ ಹೇಳಲೇಬೇಕಾದ ವಿಷಯ.

ಗಂಡಸರಿಗೂ ಬರುತ್ತದೆಯೇ?

ಬರುತ್ತದೆ, ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಒಬ್ಬರು ಗಂಡಸರು. ತೊಟ್ಟಿನ ಹಿಂದೆ ಗಟ್ಟಿ ಗಂಟು ಕಂಡರೆ ಅವರೂ ತೋರಿಸಬೇಕು.

ಎಲ್ಲಿಗೆ ಹೋಗಬೇಕು? ಖರ್ಚು ಹೇಗೆ?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್. ಅಲ್ಲಿಂದ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖಾ ಕೇಂದ್ರ ಕಲಬುರಗಿಯಲ್ಲೇ ಇದೆ. ಯಾವ ಯಂತ್ರ ಯಾವ ದಿನ ಲಭ್ಯವೆಂದು ಹೊರಡುವ ಮೊದಲೇ ವಿಚಾರಿಸಿ.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ಕೇಳಿಕೊಳ್ಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಔರಾದ್‌ನಿಂದ ಕಲಬುರಗಿಗೆ ಮೂರು ಸಲ ಬರಬೇಕಾದವರಿಗೆ ಇದು ದೊಡ್ಡ ಅನುಕೂಲ. ಸೊಲ್ಲಾಪುರ, ಹೈದರಾಬಾದ್ ಹತ್ತಿರವೆಂದು ಹೋಗುವವರು ನಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಸಂಶಯದ ವರದಿ ಬಂದ ಮೇಲೆ ಎಷ್ಟು ದಿನದೊಳಗೆ ಎಲ್ಲ ಮುಗಿಯಬೇಕು?

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಗುರಿಯಂತೆ, ಮೊದಲ ಸಲ ವೈದ್ಯರ ಬಳಿ ಬಂದ ದಿನದಿಂದ 60 ದಿನದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ತೀರ್ಮಾನವಾಗಬೇಕು. 4 ಅಥವಾ 5 ಬಂದವರು ಎರಡು ವಾರದೊಳಗೆ ಬಯಾಪ್ಸಿ ಮಾಡಿಸಿಕೊಳ್ಳಲಿ ಎಂಬುದು ನನ್ನ ಕೋರಿಕೆ. ಒಂದು ರಾತ್ರಿಯಲ್ಲಿ ಏನೂ ಕೆಡುವುದಿಲ್ಲ, ಹಾಗಾಗಿ ಗಾಬರಿ ಬೇಡ. ಆದರೆ ತಾರೀಖು ಗೊತ್ತು ಮಾಡಿಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ. ಹೊರಡುವಾಗ ಫಿಲಂ ಅಥವಾ ಸಿಡಿ, ಮ್ಯಾಮೊಗ್ರಾಮ್ ವರದಿ, ಬಯಾಪ್ಸಿಯ ಗಾಜಿನ ಪಟ್ಟಿ ಮತ್ತು ಮೇಣದ ಬ್ಲಾಕ್, ರೆಫರಲ್ ಚೀಟಿ ಇವೆಲ್ಲ ಒಂದೇ ಚೀಲದಲ್ಲಿರಲಿ. ವರದಿಗಳ ಫೋಟೊ ತೆಗೆದು ಮಗನ ಅಥವಾ ಮಗಳ ಮೊಬೈಲಿನಲ್ಲಿ ಒಂದು ಪ್ರತಿ ಇಡಿಸಿ. ಫಿಲಂ ಅನ್ನು ಬಿಸಿಲಿಗೆ, ಮಡಿಕೆಗೆ ಸಿಗದಂತೆ ಗೋದ್ರೇಜ್ ಬೀರುವಿನಲ್ಲಿ ಚಪ್ಪಟೆಯಾಗಿ ಇಟ್ಟರೆ, ಎರಡು ವರ್ಷದ ನಂತರ ಹೊಸ ಚಿತ್ರದ ಪಕ್ಕದಲ್ಲಿ ಅದನ್ನು ಹಿಡಿದು ನೋಡುವ ವೈದ್ಯರಿಗೆ ‘ಇದು ಆಗಲೂ ಇತ್ತು, ಬೆಳೆದಿಲ್ಲ’ ಎಂದು ಹೇಳಲು ಬರುತ್ತದೆ, ಮತ್ತು ನಿಮಗೆ ಒಂದು ಬಯಾಪ್ಸಿ ತಪ್ಪುತ್ತದೆ.